ಮೊಸಳೆಗೆ ಹೇಳಿದ ಮೂರನೆಯ ಸತ್ಯ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ

ಅಬುಧಾಬಿಯಲ್ಲಿ ನಾನು ಇಪ್ಪತ್ತಮೂರು ದಿನ ಇದ್ದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಹತ್ತೊಂಬತ್ತು ದಿನಗಳಷ್ಟೇ ಇವೆ. ಉಳಿದ ನಾಲ್ಕು ದಿನ ಏನು ಮಾಡಿದೆವು ಎಂದು ಕೇಳಿದರೆ ಅಕ್ಕ ಒಂದು ಹೇಳುತ್ತಾಳೆ, ಭಾವ ಇನ್ನೊಂದು ಹೇಳುತ್ತಾರೆ, ನನ್ನ ಫೋನಿನ ಚಿತ್ರಗಳು ಮೂರನೆಯದನ್ನು ತೋರಿಸುತ್ತವೆ. ಈ ಬರಹ ಮುಗಿದ ಮೇಲೆ ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವಳು ಒಪ್ಪದ ಕಡೆ ನಾನು ತಿದ್ದಿಲ್ಲ. ಅವಳ ಆಕ್ಷೇಪವನ್ನೇ ಅಲ್ಲಲ್ಲಿ ಸೇರಿಸಿದ್ದೇನೆ.

ಅಕ್ಕ ಪ್ರೇಮಾ ಇಲ್ಲಿಯ ಒಂದು ಆಸ್ಪತ್ರೆಯ ಕಚೇರಿಯಲ್ಲಿದ್ದಾಳೆ. ಭಾವ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಅವರ ಮನೆ ಆರು ವಿಲ್ಲಾಗಳ ಒಂದು ಕಾಂಪೌಂಡಿನೊಳಗೆ. ಮನೆಯ ಹಾಲ್ ಮೊದಲು ಯಾರದೋ ಮಜ್ಲಿಸ್, ಅಂದರೆ ಗಂಡಸರು ಅತಿಥಿಗಳನ್ನು ಕೂರಿಸುವ ಕೋಣೆಯಾಗಿತ್ತಂತೆ. ಹಾಗಾಗಿ ಅದಕ್ಕೆ ಬೀದಿಯ ಕಡೆಯಿಂದಲೇ ಬೇರೆ ಬಾಗಿಲು, ಬಾಗಿಲ ಪಕ್ಕದಲ್ಲಿ ಕೈ ತೊಳೆಯುವ ಬೇಸಿನ್ ಎರಡು. ಸೋಫಾದಲ್ಲಿ ಕೂತರೆ ಎದುರಿನಲ್ಲಿ ಬೇಸಿನ್ ಕಾಣುತ್ತದೆ. ಮೊದಲ ದಿನ ನಾನು ಮದುವೆ ಹಾಲಿನಲ್ಲಿ ಊಟಕ್ಕೆ ಕಾದು ಕೂತ ಹಾಗೆ ಕೂತಿದ್ದೆ.

ಮರುದಿನ ಬೆಳಿಗ್ಗೆ ಪುತ್ತೂರಿನ ಅಭ್ಯಾಸದಲ್ಲಿ ವಾಕಿಂಗ್ ಹೊರಟೆ. ರಸ್ತೆ ಇದೆ, ಫುಟ್‌ಪಾತ್ ಇದೆ, ನಡೆಯುವವರು ಇಲ್ಲ. ಮೂರು ಕಾರುಗಳು ನಿಧಾನಿಸಿ, ತೊಂದರೆ ಏನಾದರೂ ಇದೆಯೇ ಎಂದು ಕೇಳಿ ಹೋದವು. ನಮ್ಮೂರಿನಲ್ಲಿ ಕಾರು ನಿಧಾನಿಸುವುದು ಎಲ್ಲಿಗೆ ಹೊರಟದ್ದು ಎಂದು ಕೇಳಲಿಕ್ಕೆ. ಇಲ್ಲಿ ನಡೆಯುವುದೇ ತೊಂದರೆಯ ಲಕ್ಷಣ. ಹಿಂತಿರುಗಿ ಬಂದಾಗ ಕಾಂಪೌಂಡಿನ ಸಣ್ಣ ಬಾಗಿಲು ತೆರೆಯಲಿಲ್ಲ. ಅದಕ್ಕೆ ಕಾರ್ಡು ಬೇಕು, ಕಾರ್ಡು ಮನೆಯ ಮೇಜಿನ ಮೇಲಿತ್ತು. (ಅಕ್ಕ: "ಕಾರ್ಡು ನಾನು ನಿನಗೆ ಕೊಟ್ಟೇ ಇರ್ಲಿಲ್ಲ. ಮರೆತದ್ದು ನಾನು.")

ಗೇಟಿನ ಸೆಕ್ಯೂರಿಟಿಯವನು ತನ್ನ ಕ್ಯಾಬಿನ್ನಿನಲ್ಲಿದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು ಅಕ್ಕನಿಗೆ ಫೋನು ಮಾಡಿದ. ಅವಳು ಎತ್ತಲಿಲ್ಲ. ನಾಚಿಕೆಗೆ ನಾನು ಮಾತಾಡತೊಡಗಿದೆ.

"ನಾನು ಪ್ರೇಮಾಳ ತಂಗಿ."

"ನಾಮು," ಎಂದ.

"ನಿನ್ನೆ ಬಂದದ್ದು."

"ನಾಮು."

"ಇಲ್ಲಿ ಯಾರೂ ನಡೆಯುವುದಿಲ್ಲ ಅಂತ ಗೊತ್ತಿರಲಿಲ್ಲ."

"ನಾಮು."

ನಾನು ಅವನ ಮುಖ ನೋಡಿದೆ. ಅವನು ನಕ್ಕ. "ಕ್ಷಮಿಸಿ ಮೇಡಂ. ಯಾರಾದರೂ ಒಂದರ ಹಿಂದೆ ಒಂದು ಹೇಳಿದರೆ ನನ್ನ ಬಾಯಿ ತಾನೇ ಹೀಗನ್ನುತ್ತದೆ. ಅಪ್ಪ ಕಥೆ ಹೇಳುವಾಗ ಹನ್ನೊಂದು ವರ್ಷ ನಾನು ಉತ್ತರದವನಾಗಿದ್ದೆ, ಉತ್ತರ ಕೊಡುವವನು."

ಅವನ ಹೆಸರು ಲಮೀನ್. ಊರು ಗಾಂಬಿಯಾ. ಪಶ್ಚಿಮ ಆಫ್ರಿಕಾದ ನಕಾಶೆಯಲ್ಲಿ ಒಂದು ನದಿಯ ಎರಡು ದಡಗಳಷ್ಟೇ ಇರುವ ದೇಶ ಅದು. ಅವನದು ತಲೆಮಾರುಗಳಿಂದ ಕಥೆ ಹೇಳುವ ಮನೆತನ. ಅವನ ಇಂಗ್ಲಿಷಿನ ನಡುವೆ ಮುಸಫ್ಫಾದಲ್ಲಿ ಕಲಿತ ಹಿಂದಿ ಬರುತ್ತಿತ್ತು. ಅದನ್ನು ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಆದ್ದರಿಂದ ಇದು ಪೂರ್ತಿ ಅವನ ಮಾತಲ್ಲ.

ನಾಮು ಎಂದರೆ ಹೌದು, ಕೇಳಿದೆ, ಹಾಗೆಯೇ. ಕಥೆ ಹೇಳುವವನು ಒಂದು ಸಾಲು ಹೇಳಿದ ಕೂಡಲೇ ಪಕ್ಕದಲ್ಲಿ ಕೂತ ಒಬ್ಬ ನಾಮು ಎನ್ನಬೇಕು. ಊರೆಲ್ಲ ಕೇಳುತ್ತಿರಬಹುದು, ಉತ್ತರದವನು ಒಬ್ಬನೇ. ಅವನಿಲ್ಲದೆ ಕಥೆ ಶುರುವಾಗುವುದಿಲ್ಲ.

ನಮ್ಮಲ್ಲಿಯೂ ಮಕ್ಕಳು ಕಥೆಗೆ ಹೂಂ ಅನ್ನಬೇಕು, ಹೂಂ ನಿಂತರೆ ಮಗುವಿಗೆ ನಿದ್ದೆ ಬಂತು ಅಂತ ಅರ್ಥ ಎಂದೆ.

"ನಮ್ಮಲ್ಲಿ ಉತ್ತರ ನಿಂತರೆ ಹೇಳಿದವನು ಸುಳ್ಳು ಹೇಳಿದ ಅಂತ ಅರ್ಥ," ಎಂದ ಲಮೀನ್.

ಖಲೀಫಾ ಸಿಟಿ

ಭಾವನನ್ನು ಇಲ್ಲಿ ಪರಿಚಯಿಸದಿದ್ದರೆ ಮುಂದೆ ಆದದ್ದು ತಿಳಿಯುವುದಿಲ್ಲ. ವಾರವಿಡೀ ಅವರು ಕಬ್ಬಿಣದ ಪೈಪುಗಳ ಬೆಸುಗೆ ನೋಡುತ್ತಾರೆ. ಶನಿವಾರ ಸಂಜೆ ಖಲೀಫಾ ಸಿಟಿಯಲ್ಲಿ, ಹೋಟೆಲಿನಲ್ಲಿ ಕೆಲಸ ಮಾಡುವ ಕೊಂಕಣಿ ಕ್ರಿಶ್ಚಿಯನ್ ಗೆಳೆಯರೊಬ್ಬರ ಮನೆಯಲ್ಲಿ ತಾಳಮದ್ದಲೆ ಅಭ್ಯಾಸ. ಕರಾವಳಿಯ ಆಚೆಯವರಿಗಾಗಿ ಹೇಳುತ್ತೇನೆ: ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಕೂತ ಅರ್ಥಧಾರಿಗಳು ತಮ್ಮ ಪಾತ್ರದ ಪರವಾಗಿ ಅಲ್ಲಲ್ಲೇ ಮಾತು ಕಟ್ಟಿ ವಾದಿಸುತ್ತಾರೆ. ಎದುರಿನವನ ಮಾತಿನಲ್ಲಿ ಸಂದು ಹುಡುಕದವನನ್ನು ಅರ್ಥಧಾರಿ ಎನ್ನುವುದಿಲ್ಲ.

ನಾನು ಜೊತೆಗೆ ಹೋದ ಶನಿವಾರ ಭಾವನದು ಬಾಣ ತಾಗಿ ಬಿದ್ದ ರಾಜನ ಪಾತ್ರ. ಬಾಣ ಬಿಟ್ಟವನನ್ನು ಅವರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಸಾಯಲಿಲ್ಲ.

"ಭಾವ, ಅಷ್ಟು ಹೊತ್ತು ಯಾರಾದ್ರೂ ಬದುಕಿರ್ತಾರಾ?" ಎಂದು ಕಾರಿನಲ್ಲಿ ಕೇಳಿದೆ.

"ಸರಿಯಾದ ಉತ್ತರ ಸಿಗುವವರೆಗೆ ಬದುಕ್ಬೇಕಾಗ್ತದೆ ಮಾರಾಯ್ತಿ," ಎಂದರು. "ಅವನು ಸೋತ ಅಂತ ಒಪ್ಪಿದ್ರೆ ನಾನು ಆಗ್ಲೇ ಸಾಯ್ತಿದ್ದೆ."

ಹಿಂದಿನ ಸೀಟಿನಿಂದ ಅಕ್ಕ ಹೇಳಿದಳು: "ಮನೆಯಲ್ಲಿ ಗ್ಯಾಸ್ ಆಫ್ ಮಾಡಿದ್ರಾ ಕೇಳಿದ್ರೂ ಹೀಗೇ."

ಮುಸಫ್ಫಾ

ಭಾವನ ವರ್ಕ್‌ಶಾಪು ನೋಡಲು ಹೋದ ದಿನವೇ ಲಮೀನನ ವಾರದ ರಜೆ, ಅವನನ್ನೂ ಕಂಡು ಬರುವ ಎಂದುಕೊಂಡೆವು. ಅವನ ಕಂಪನಿಯ ವಸತಿ ಅಲ್ಲೇ ಹತ್ತಿರ. ಅದರೊಳಗೆ ಹೆಂಗಸರನ್ನು ಬಿಡುವುದಿಲ್ಲ. ಹಾಗಾಗಿ ನಾವು ಒಂದು ಕೆಫೆಟೇರಿಯಾದ ಮುಂದೆ ಕಾರು ನಿಲ್ಲಿಸಿದೆವು. ಇಲ್ಲಿ ಚಹಾಕ್ಕೆ ಇಳಿಯುವ ಪದ್ಧತಿ ಇಲ್ಲ. ಹಾರ್ನ್ ಹಾಕಿದರೆ ಮಲಯಾಳಿಯೊಬ್ಬ ಬಂದು ಕಿಟಕಿಯಲ್ಲಿ ಬಗ್ಗಿ ಕೇಳಿ, ಕಾಗದದ ಲೋಟದಲ್ಲಿ ಕರಕ್ ಚಹಾ ತಂದು ಕೊಡುತ್ತಾನೆ. ಊರಿನಲ್ಲಿ ಹೋಟೆಲಿನ ಮುಂದೆ ನಾನು ಹಾರ್ನ್ ಹಾಕಿದರೆ ಮರುದಿನದಿಂದ ನನಗೆ ಚಹಾ ಇಲ್ಲ. ಲಮೀನ್ ಹಿಂದಿನ ಸೀಟಿನಲ್ಲಿ ಕೂತು ತನ್ನ ಕಷ್ಟ ಹೇಳಿದ. ನಾವು ಮೂವರೂ ಮುಂದಿನ ಗಾಜನ್ನೇ ನೋಡುತ್ತಿದ್ದೆವು.

ಅವನ ಮನೆತನಕ್ಕೆ ಒಂದು ಕಥೆ ಇದೆ. ಮೊಲ, ಕಿರುಬಗಳ ಕಥೆಗಳನ್ನು ಯಾರು ಬೇಕಾದರೂ ಕತ್ತಲಾದ ಮೇಲೆ ಹೇಳಬಹುದು. ಇದು ಹಾಗಲ್ಲ. ಇದು ಊರಿನಲ್ಲಿ ಮಗುವಿಗೆ ಹೆಸರಿಡುವ ಬೆಳಿಗ್ಗೆಯ ಕಥೆ. ಒಂದು ತಲೆಮಾರಿನಲ್ಲಿ ಒಬ್ಬನೇ ಅದನ್ನು ಹೇಳುವುದು. ಅಪ್ಪನಿಗೆ ಈಗ ಉಸಿರು ಸಾಲುವುದಿಲ್ಲ, ದಾಟಿಸಬೇಕು. ಲಮೀನನಿಗೋ, ಊರಿನಲ್ಲೇ ಇರುವ ತಮ್ಮ ಇಬ್ರಿಮಾನಿಗೋ. ಇಬ್ರಿಮಾ ಅಪ್ಪನ ಮುಂದೆ ಹೇಳಿ ತೋರಿಸಿಯಾಗಿದೆ. ಮುಂದಿನ ಭಾನುವಾರ ಲಮೀನ್ ಫೋನಿನಲ್ಲಿ ಹೇಳಬೇಕು. ಒಂದು ಷರತ್ತು: ಉತ್ತರದವನು ಲಮೀನನ ಪಕ್ಕದಲ್ಲೇ ಕೂತಿರಬೇಕು. ಬರೀ ಫೋನಿಗೆ ಹೇಳಿದ್ದನ್ನು ಅಪ್ಪ ಕಥೆ ಎನ್ನುವುದಿಲ್ಲ.

"ಇಷ್ಟು ದಿನ ಸೇಕು ಇದ್ದ, ನನ್ನ ರೂಮಿನವ, ಮಾಲಿ ದೇಶದವ. ಅವನಿಗೆ ಈ ಕೆಲಸ ಗೊತ್ತು. ಹೋದ ವಾರ ಅವನನ್ನು ದೂರದ ರುವೈಸಿಗೆ ಹಾಕಿದರು. ಖಲಾಸ್."

"ನಿಂಗೆ ಆ ಕಥೆ ಅಷ್ಟು ಬೇಕಾ?" ಭಾವ ಕೇಳಿದರು.

"ಆರು ವರ್ಷದಿಂದ ನಾನು ಗೇಟು ಎತ್ತುತ್ತೇನೆ ಸರ್. ಇಲ್ಲಿ ಎಲ್ಲರಿಗೂ ನಾನು ಸೆಕ್ಯೂರಿಟಿ. ಊರಿನಲ್ಲಿ ಎಲ್ಲರಿಗೂ ನಾನು ಅಬುಧಾಬಿಯಲ್ಲಿರುವವ. ಆ ಕಥೆ ಬಂದರೆ ನಾನು ಏನು ಅಂತ ನನಗೆ ಗೊತ್ತಿರುತ್ತದೆ."

ಭಾವ ಚಹಾದ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ತಿರುಗಿದರು. "ನಾನು ಕೂತುಕೊಳ್ತೇನೆ. ಮೂವತ್ತು ವರ್ಷದಿಂದ ಇದೇ ಕೆಲಸ."

ಇದೇ ಕೆಲಸ ಅಲ್ಲ ಎಂದು ನನಗೆ ಆಗಲೇ ಅನಿಸಿತ್ತು ಎಂದು ಬರೆಯುವ ಆಸೆಯಾಗುತ್ತಿದೆ. ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಇರುವುದು 'ಭಾವ ಒಪ್ಪಿದರು, ಒಳ್ಳೆಯದಾಯಿತು' ಎಂದು.

ಮಜ್ಲಿಸ್

ಮಂಗಳವಾರ ಸಂಜೆ ಡ್ಯೂಟಿ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲಮೀನ್ ಮನೆಗೆ ಬಂದ. ಬಂದವನೇ ಬೇಸಿನ್ನಿನಲ್ಲಿ ಕೈ ತೊಳೆದ. ನಾನು ನೋಡಿದಂತೆ ಆ ಬೇಸಿನ್ನನ್ನು ಅದರ ಉದ್ದೇಶಕ್ಕೆ ಬಳಸಿದ ಮೊದಲಿಗ ಅವನು. ಅಕ್ಕ ಗೋಳಿಬಜೆ ಕೊಟ್ಟಳು. ಉತ್ತರದವರಿಗೆ ಕಥೆ ತಿಳಿದಿರಲಿ ಎಂದು ಅವನು ಮೊದಲು ಇಂಗ್ಲಿಷಿನಲ್ಲಿ ಹೇಳುತ್ತೇನೆಂದ. ನನ್ನ ಪುಸ್ತಕ ಕಂಡು, ಬರೆಯಬೇಡಿ ಎಂದ. ಆದ್ದರಿಂದ ಈಗ ಬರೆಯುವುದು ಕೇಳಿ ನೆನಪಿರುವಷ್ಟು.

ಊರಿಗೆ ಉಪ್ಪಿರಲಿಲ್ಲ. ಒಬ್ಬ ಮನುಷ್ಯ ನದಿ ದಾಟಿ ಉಪ್ಪು ತರಲು ಹೋದ. ಎಷ್ಟು ವರ್ಷ ಹೋಗಿದ್ದ ಎಂದು ಕಥೆ ಹೇಳುವುದಿಲ್ಲ. ಉಪ್ಪಿನ ಚೀಲ ಹೊತ್ತು ಹಿಂದೆ ಬಂದಾಗ ನದಿ ತುಂಬಿತ್ತು. ದೋಣಿ ಇರಲಿಲ್ಲ. ಒಂದು ಮೊಸಳೆ ಇತ್ತು.

"ನಾಮು," ಎಂದರು ಭಾವ. ಕಂಚಿನ ಕಂಠ. ಲಮೀನನ ಮುಖ ಅರಳಿತು.

ಮೊಸಳೆ ಹೇಳಿತು: ನಿನ್ನನ್ನು ದಾಟಿಸುತ್ತೇನೆ. ಮೂರು ಸತ್ಯ ಹೇಳು. ದಡ ಬಿಡುವಾಗ ಒಂದು, ನಡುವಿನಲ್ಲಿ ಒಂದು, ಆಚೆ ದಡ ಮುಟ್ಟುವ ಮೊದಲು ಒಂದು. ಸುಳ್ಳಾದರೆ ಮುಳುಗುತ್ತೇನೆ.

"ನಾಮು."

ದಡ ಬಿಡುವಾಗ ಅವನು ಹೇಳಿದ: ಈ ಉಪ್ಪು ನಾನು ಕೊಂಡದ್ದಲ್ಲ, ಬೇಡಿ ತಂದದ್ದು.

"ನಾಮು. ಯಾರ ಹತ್ರ ಬೇಡಿದ್ದು?"

ಲಮೀನ್ ತಡೆದ. "ಅದು ಕಥೆಯಲ್ಲಿ ಇಲ್ಲ ಸರ್."

"ಇಲ್ಲದಿದ್ರೆ ಇರ್ಬೇಕು. ಇರ್ಲಿ, ಮುಂದೆ ಹೋಗುವ."

ನಡುನೀರಿನಲ್ಲಿ ಅವನು ಹೇಳಿದ: ನನಗೆ ಈಜು ಬರುವುದಿಲ್ಲ.

"ನಾಮು. ಇದು ಒಳ್ಳೆದುಂಟು. ನಡುನೀರಿನಲ್ಲಿ ಈ ಸತ್ಯ ಹೇಳ್ಲಿಕ್ಕೆ ಧೈರ್ಯ ಬೇಕು."

"ನೀವು ಸುಮ್ಮನೆ ಕೂತುಕೊಳ್ಳಿ," ಅಡುಗೆಮನೆಯಿಂದ ಅಕ್ಕ.

ಆಚೆ ದಡ ಹತ್ತಿರವಾಯಿತು. ಅವನು ಹೇಳಿದ: ಊರು ಮುಟ್ಟಿದ ಮೇಲೆ ನಾನು ಮತ್ತೆ ಹೊರಡುವುದಿಲ್ಲ. ಮೊಸಳೆ ಅವನನ್ನು ದಡಕ್ಕೆ ಬಿಟ್ಟಿತು. ದಡದಲ್ಲಿ ಆಗತಾನೇ ಹುಟ್ಟಿದ ಒಂದು ಮಗುವಿತ್ತು. ಅವನು ಅದರ ನಾಲಿಗೆಗೆ ಒಂದು ಹರಳು ಉಪ್ಪಿಟ್ಟು—

"ನಿಲ್ಲು," ಎಂದರು ಭಾವ. "ನಾನು ಮೊಸಳೆಯ ಪರವಾಗಿ ಕೇಳ್ತಿದ್ದೇನೆ. ಮೊದಲಿನ ಎರಡು ಸತ್ಯ, ಒಪ್ಪಿದೆ. ಇದು ಸತ್ಯ ಹೇಗೆ ಆಗ್ತದೆ? ಇದು ಮಾತು ಕೊಟ್ಟದ್ದು. ನಾಳೆಯ ವಿಷಯ ಇವತ್ತಿಗೆ ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಉಪ್ಪು ಮುಗಿದ ಮೇಲೆ ಅವ ಪುನಃ ಹೊರಟ್ರೆ? ಮೊಸಳೆ ಮುಳುಗ್ಬೇಕಿತ್ತು."

ಲಮೀನ್ ಗೋಳಿಬಜೆಯ ತಟ್ಟೆಯನ್ನು ನೋಡುತ್ತ ಕೂತ. "ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ ಸರ್. ಯಾರೂ ಈ ಪ್ರಶ್ನೆ ಹಾಕಿರಲಿಲ್ಲ."

"ನೋಡಿದ್ಯಾ ವಿಜಿ," ಎಂದರು ಭಾವ ನನ್ನ ಕಡೆ ತಿರುಗಿ. ತಾಳಮದ್ದಲೆಯಲ್ಲಿ ಎದುರಾಳಿ ಹೀಗೆ ಬಾಯಿ ಕಟ್ಟಿ ಕೂತರೆ ಸಭೆ ತಲೆದೂಗುತ್ತದೆ. ಅವರು ಸಭೆಗಾಗಿ ಕಾದರು.

ಲಮೀನ್ ಎದ್ದು ನಿಂತು ಬಹಳ ಮರ್ಯಾದೆಯಿಂದ ಹೇಳಿದ: "ಸರ್, ನಿಮಗೆ ದೊಡ್ಡ ತಲೆ ಇದೆ. ಈ ಕೆಲಸಕ್ಕೆ ತಲೆ ಬೇಡ. ಮೇಡಂ, ಭಾನುವಾರ ನೀವು ಕೂರುತ್ತೀರಾ?"

ಅವನು ಹೋದ ಮೇಲೆ ಅಕ್ಕ ಹೊರಗೆ ಬಂದಳು. "ಮನೆಗೆ ಬಂದವನನ್ನು ಕೂರಿಸಿ ಕೋರ್ಟು ನಡೆಸಿದ್ರಲ್ಲ."

"ನಾನು ಕೇಳಿದ್ದು ತಪ್ಪಾ?"

"ತಪ್ಪಾ ಸರಿಯಾ ಯಾರು ಕೇಳಿದ್ದು. ಅವ ಕೇಳ್ಲಿಕ್ಕೆ ಹೇಳಿದ್ನಾ?"

ಅಕ್ಕನ ಹದಿನೈದು ವರ್ಷದ ಮಗಳು ಅನನ್ಯಾ ಫೋನಿನಿಂದ ತಲೆಯೆತ್ತದೆ, "ಡ್ಯಾಡ್, ಯೂ ಆರ್ಗ್ಯೂಡ್ ವಿತ್ ಎ ಕ್ರೊಕಡೈಲ್" ಎಂದಳು. ಮೊಸಳೆಯ ಜೊತೆಗಲ್ಲ, ಮೊಸಳೆಯ ಪರವಾಗಿ ಎಂದು ಭಾವ ತಿದ್ದಿದರು.

ದುಬೈ

ಶನಿವಾರ ನಾವೆಲ್ಲ ದುಬೈಗೆ ಹೋದೆವು. ಅಲ್ಲಿಯ ಎತ್ತರದ ಕಟ್ಟಡಗಳ ವಿಷಯ ಬೇರೆಯವರು ಬರೆದಿದ್ದಾರೆ. ನಾನು ಪೂರ್ತಿ ದಿನ ಬಾಯೊಳಗೇ ನಾಮು ಅಭ್ಯಾಸ ಮಾಡುತ್ತಿದ್ದೆ. ಲಮೀನ್ ಹೇಳಿಕೊಟ್ಟ ನಿಯಮ ಮೂರೇ. ಸಾಲು ನೆಲ ಮುಟ್ಟುವ ಮೊದಲು ಹಿಡಿಯಬೇಕು. ಧ್ವನಿಯಲ್ಲಿ ಅಭಿಪ್ರಾಯ ಇರಬಾರದು. ಅವನು ನಿಂತರೂ ನಾವು ನಿಲ್ಲಬಾರದು, ಉಸಿರಿನ ಹಾಗೆ ಹೇಳುತ್ತಲೇ ಇರಬೇಕು. ಎರಡನೆಯದು ಕಷ್ಟ. ಬರೆಯುವವಳಾಗಿ ನಾನು ಮಾಡಿದ್ದೆಲ್ಲ ಅಭಿಪ್ರಾಯದ್ದೇ ಕೆಲಸ.

ಒಂದು ಮಾಲಿನ ಅಂಗಳದಲ್ಲಿ ಆ ಸಂಜೆ ಆಫ್ರಿಕಾದ ಕಥೆಗಳು ಎಂಬ ಕಾರ್ಯಕ್ರಮವಿತ್ತು. ತಲೆಗೆ ಮೈಕು ಸಿಕ್ಕಿಸಿಕೊಂಡ ಕಲಾವಿದೆ ಚೆನ್ನಾಗಿಯೇ ಹೇಳುತ್ತಿದ್ದಳು. ಸಭೆ ಎಲ್ಲಿ ಚಪ್ಪಾಳೆ ತಟ್ಟಬೇಕು, ಎಲ್ಲಿ ಕೂಗಬೇಕು ಎಂದು ಹಿಂದಿನ ಪರದೆಯ ಮೇಲೆ ಬರುತ್ತಿತ್ತು. ಅಭ್ಯಾಸಬಲದಿಂದ ನಾನು ಒಂದು ಸಾಲಿಗೆ ಗಟ್ಟಿಯಾಗಿ ನಾಮು ಎಂದೆ. ಪರದೆಯಲ್ಲಿ ಏನೂ ಇರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಕಲಾವಿದೆ ಮಾತ್ರ ಅರ್ಧ ಕ್ಷಣ ನಿಂತು, ಕತ್ತಲಲ್ಲಿ ಯಾರು ಎಂದು ಹುಡುಕಿದಳು. ಆಮೇಲಿನ ನಾಲ್ಕಾರು ಸಾಲುಗಳನ್ನು ಅವಳು ನನ್ನ ಕಡೆಗೇ ಹೇಳಿದಳು ಎಂದು ನನಗೆ ನೆನಪು. ಅಕ್ಕ ಇದನ್ನು ಒಪ್ಪುವುದಿಲ್ಲ: "ಅವಳು ನೋಡಿದ್ದು ನಿನ್ನ ಹಿಂದೆ ಅಳ್ತಿದ್ದ ಮಗುವನ್ನು."

ಭಾನುವಾರ

ಅದೇ ಮಜ್ಲಿಸ್, ಮಧ್ಯಾಹ್ನ ಎರಡು ಗಂಟೆ. ಲಮೀನನ ಊರಿನಲ್ಲಿ ಬೆಳಿಗ್ಗೆ ಹತ್ತು. ಇಲ್ಲಿ ವಾಟ್ಸಾಪಿನಲ್ಲಿ ಕರೆ ಹೋಗುವುದಿಲ್ಲ, ಬೇರೆ ಒಂದು ಆ್ಯಪ್ ಬೇಕು. ಅದು ಎರಡು ಸಲ ಕಡಿದು ಮೂರನೆಯ ಸಲ ಹಿಡಿಯಿತು. ಪರದೆಯಲ್ಲಿ ಅಪ್ಪನ ಹಣೆ, ಬಿಳಿ ಟೋಪಿ, ಹಿಂದೆ ತಗಡಿನ ಸೂರು. ಬೇರೆ ಯಾರ್ಯಾರೋ ಇದ್ದಾರೆಂದು ಕೆಮ್ಮುಗಳಿಂದ ತಿಳಿಯುತ್ತಿತ್ತು.

ಉತ್ತರದವರು ಯಾರು ಎಂದು ಅಪ್ಪ ಕೇಳಿದರು. ಲಮೀನ್ ಫೋನನ್ನು ನನ್ನ ಕಡೆ ತಿರುಗಿಸಿ ಏನೋ ಹೇಳಿದ.

"ಏನು ಹೇಳಿದೆ?"

"ಇಂಡಿಯಾದ ಒಬ್ಬ ಅಜ್ಜಿ ಅಂದೆ."

ನನಗೆ ಐವತ್ತಮೂರು. ನಾಮು ಎಂದೆ.

ಭಾವ ಬಾಯಿ ಮುಚ್ಚಿ ಕೂರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟು ಬಾಗಿಲ ಬಳಿ ಸ್ಟೂಲಿನ ಮೇಲಿದ್ದರು. ಲಮೀನ್ ತನ್ನ ಭಾಷೆಯಲ್ಲಿ ಶುರು ಮಾಡಿದ. ಒಂದು ಶಬ್ದವೂ ನನಗೆ ತಿಳಿಯದು. ಆದರೂ ಎಲ್ಲಿದ್ದೇವೆಂದು ಗೊತ್ತಿತ್ತು, ಪ್ರತಿ ಸತ್ಯದ ಮೊದಲು ಅವನು ಒಂದೇ ಸಾಲನ್ನು ಹಾಡುತ್ತಾನೆ. ಅದು ಮೊಸಳೆಯ ಸಾಲು. ಗೇಟಿನ ಕ್ಯಾಬಿನ್ನಿನ ಲಮೀನ್ ಅಲ್ಲ ಇವನು. ಬೆನ್ನು ನೆಟ್ಟಗಾಗಿತ್ತು, ಧ್ವನಿ ಎದೆಯ ಬೇರೆ ಕಡೆಯಿಂದ ಬರುತ್ತಿತ್ತು. ಅವನು ಎಸೆದ, ನಾನು ಹಿಡಿದೆ, ಅವನು ಎಸೆದ. ತಿಳಿಯದ ಕಥೆಗೆ ಒಪ್ಪಿಗೆ ಕೊಡುವುದು ಇಷ್ಟು ಹಗುರವೆಂದು ಗೊತ್ತಿರಲಿಲ್ಲ.

ಮೊಸಳೆಯ ಸಾಲು ಒಂದು ಸಲ ಬಂತು. ಉಪ್ಪು. ನಾಮು.

ಎರಡನೆಯ ಸಲ ಬಂತು. ಈಜು. ನಾಮು.

ಮೂರನೆಯ ಸಲ ಹಾಡಿ ಅವನು ನಿಂತ.

ನಾಮು ಎಂದೆ. ಅವನು ಪರದೆಯಲ್ಲಿದ್ದ ಹಣೆಯನ್ನು ನೋಡುತ್ತಿದ್ದ. ನಾಮು ಎಂದೆ. ಫ್ರಿಜ್ಜು ಸದ್ದು ಶುರು ಮಾಡಿತು. ಮರೆತ ಮುಖ ಅಲ್ಲ ಅದು. ಸಾಲು ಅವನ ನಾಲಿಗೆಯ ಮೇಲೇ ಇತ್ತು, ನನಗೂ ಗೊತ್ತಿತ್ತು, ಬಾಗಿಲ ಬಳಿಯ ಸ್ಟೂಲಿಗೂ ಗೊತ್ತಿತ್ತು. ಊರು ಮುಟ್ಟಿದ ಮೇಲೆ ನಾನು ಮತ್ತೆ ಹೊರಡುವುದಿಲ್ಲ. ಅದನ್ನು ಅವನು ಅಪ್ಪನ ಮುಖಕ್ಕೆ ಹೇಳಬೇಕಿತ್ತು.

ಇಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮೂರು ಕಥೆಗಳಿವೆ. ನಾನು ನಿಲ್ಲಿಸದೆ ನಾಮು ಹೇಳುತ್ತ ಹೋದೆ ಎಂಬುದು ನನ್ನದು. ಏಳು ಸಲ ಹೇಳಿದೆ ಎಂದು ಅಕ್ಕ. ಮೂರು ಸಲ ಹೇಳಿ ನೀನೂ ನಿಂತೆ, ನಿನ್ನ ಕಣ್ಣಲ್ಲಿ ನೀರಿತ್ತು ಎಂದು ಭಾವ. ಭಾವ ಹೇಳಿದ್ದು ನಿಜವಾದರೆ, ಲಮೀನನ ಊರಿನ ನಿಯಮದ ಪ್ರಕಾರ, ನಾನು ಅವನನ್ನು ಸುಳ್ಳುಗಾರ ಎಂದ ಹಾಗಾಯಿತು, ಅವನು ಬಾಯಿ ತೆರೆಯುವ ಮೊದಲೇ. ಈ ಒಂದು ಜಾಗವನ್ನು ನಾನು ಎಷ್ಟೋ ಸಲ ತಿರುಗಿ ಬರೆದೆ. ನನಗೆ ಅನುಕೂಲವಾದ ಸಾಲೇ ಪ್ರತಿ ಸಲ ಚೆನ್ನಾಗಿ ಬರುತ್ತದೆ.

ಆಮೇಲೆ ಆದದ್ದನ್ನು ಮೂವರೂ ಒಪ್ಪುತ್ತೇವೆ. ಲಮೀನ್ ಒಂದು ಚಿಕ್ಕ ಸಾಲು ಹೇಳಿದ. ಹಾಡಲಿಲ್ಲ, ಮಾತಿನ ಹಾಗೆ ಹೇಳಿದ. ಫೋನಿನ ಆಚೆ ಕೆಮ್ಮುಗಳು ನಿಂತವು. ಒಂದು ಹೆಂಗಸಿನ ಧ್ವನಿ ಏನೋ 'ಅಯ್ಯೋ' ಎನ್ನುವಂಥದ್ದನ್ನು ಹೇಳಿತು. ಆ ಸಾಲನ್ನು ನಾನು ಹಿಡಿಯಲಿಲ್ಲ. ಆಗ ಫೋನಿನೊಳಗಿಂದ ಅಪ್ಪ ಹೇಳಿದರು:

"ನಾಮು."

ಲಮೀನ್ ಮನುಷ್ಯನನ್ನು ದಡಕ್ಕೆ ಬಿಟ್ಟ. ಮಗುವಿನ ನಾಲಿಗೆಗೆ ಉಪ್ಪಿಟ್ಟ. ಕಥೆ ಮುಗಿಸಿದ.

ಅಪ್ಪ, ಮಗ ಬಹಳ ಹೊತ್ತು ಮಾತಾಡಿದರು. ಫೋನು ಇಟ್ಟ ಮೇಲೆ ಲಮೀನ್ ಬೇಸಿನ್ನಿಗೆ ಹೋಗಿ ಮುಖ ತೊಳೆದು ಬಂದ. ಅಕ್ಕ ಟವೆಲು ಕೊಟ್ಟಳು.

"ಏನು ಹೇಳಿದೆ, ಆ ಮೂರನೆಯದು?" ನಾನು ಕೇಳಿದೆ.

"ಊರು ಮುಟ್ಟಿದ ಮೇಲೆ ನಾನು ಮತ್ತೆ ಹೊರಡುತ್ತೇನೆ."

ಅವನೇ ಮುಂದುವರಿಸಿದ. "ಅಪ್ಪ ಹೇಳಿದರು: ನೀನು ಹೇಳಿದ್ದು ಸತ್ಯ, ಅದಕ್ಕೇ ನಾಮು ಅಂದೆ. ಆದರೆ ಅದು ನಮ್ಮ ಕಥೆ ಅಲ್ಲ. ಹೊರಡುತ್ತೇನೆ ಅನ್ನುವವನ ಕೈಯಿಂದ ಯಾವ ಮಗು ಹೆಸರು ತಗೊಳ್ಳುತ್ತದೆ? ಇಬ್ರಿಮಾ ಹೇಳಲಿ."

"ನಿನಗೆ?"

"ನಾನು ಉತ್ತರದವನು. ಇಬ್ರಿಮಾ ಅಲ್ಲಿ ಹೇಳಬೇಕು, ನಾನು ಇಲ್ಲಿಂದ ನಾಮು ಅನ್ನಬೇಕು. ಪಕ್ಕದಲ್ಲಿ ಕೂರುವ ನಿಯಮವನ್ನು ಅಪ್ಪ ನನಗಾಗಿ ಬಿಟ್ಟರು." ಅವನು ಟವೆಲನ್ನು ನಾಲ್ಕು ಮಡಿಕೆ ಮಾಡಿದ. "ಹನ್ನೆರಡನೆಯ ವಯಸ್ಸಿನಲ್ಲಿ ಎಲ್ಲಿ ಕೂತಿದ್ದೆನೋ ಅಲ್ಲಿಗೆ."

ಭಾವ ಸ್ಟೂಲಿನಿಂದ ಎದ್ದಿದ್ದರು. ಮುಕ್ಕಾಲು ಗಂಟೆ ಸಾಯದೆ ಮಾತಾಡುವವರು ಈಗ ತಡವರಿಸಿದರು. "ಲಮೀನ್, ನಾನು ಆ ದಿನ... ಅದು ಹೇಳ್ಬಾರ್ದಿತ್ತು. ಅದು ಬರೀ ವಾದ. ವಾದಕ್ಕೆ ಎಂತ ಬೇಕಾದ್ರೂ ಹೇಳ್ತೇವೆ ನಾವು."

"ನೀವು ಹೇಳಿದ್ದು ಸರಿ ಇತ್ತು ಸರ್," ಎಂದ ಲಮೀನ್. "ಅದಕ್ಕೇ ನಿಮ್ಮನ್ನು ಬೇಡ ಅಂದೆ. ಆದರೆ ಅಷ್ಟರಲ್ಲಿ ನಾನು ಕೇಳಿಸಿಕೊಂಡಾಗಿತ್ತು."

ಅವನು ಹೋಗುವಾಗ ಅಕ್ಕ ಡಬ್ಬಿಯಲ್ಲಿ ಗೋಳಿಬಜೆ ಕಟ್ಟಿಕೊಟ್ಟಳು. ಆ ರಾತ್ರಿ ಊಟಕ್ಕೆ ಅಕ್ಕ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು. (ಅಕ್ಕ: "ಇದು ನಿಜ.")

ಹೊರಡುವ ದಿನ

ಐದು ದಿನಗಳ ಮೇಲೆ ನನ್ನ ವಿಮಾನ. ಶುಕ್ರವಾರವಾದ್ದರಿಂದ ಭಾವನಿಗೆ ಅರ್ಧ ದಿನ ರಜೆ. ಎರಡೂವರೆಗೆ ಮನೆಯಿಂದ ಹೊರಟೆವು. ಗೇಟಿನಲ್ಲಿ ಅಡ್ಡಕೋಲು ಇಳಿದಿತ್ತು. ಸಾಮಾನ್ಯವಾಗಿ ಕಾರು ಕಾಣುವ ಮೊದಲೇ ಎತ್ತುವವನು ಲಮೀನ್.

ಅವನು ಕ್ಯಾಬಿನ್ನಿನ ಕಿಟಕಿಯಲ್ಲಿ ಕೂತಿದ್ದ. ಒಂದು ಕಿವಿಯಲ್ಲಿ ಇಯರ್‌ಫೋನು. ಗುಂಡಿಯ ಮೇಲೆ ಕೈ ಇತ್ತು, ಕಣ್ಣು ನಮ್ಮ ಮೇಲಿತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ.

"ನಾಮು," ಎಂದ.

ಸ್ವಲ್ಪ ತಡೆದು, "ನಾಮು."

ಅವನ ಚಿಕ್ಕಪ್ಪನ ಮಗಳ ಮಗುವಿಗೆ ಶುಕ್ರವಾರ ಹೆಸರಿಡುವುದು ಎಂದು ಅಕ್ಕ ಹಿಂದಿನ ದಿನ ಹೇಳಿದ್ದಳು. ಅಂದರೆ ಇಬ್ರಿಮಾ ಹೇಳುತ್ತಿದ್ದ. ಭಾವ ಗಾಜು ಇಳಿಸಿದರು. ನಾನು ಅವರ ತೋಳು ಹಿಡಿದೆ, ಆದರೆ ಅವರು ಬಾಯಿ ತೆರೆಯಲಿಲ್ಲ. ಹುಬ್ಬು ಎತ್ತಿ, ಕೈಯನ್ನು ಗಾಳಿಯಲ್ಲಿ ನೀರು ದಾಟಿದ ಹಾಗೆ ಆಡಿಸಿ, ಎಲ್ಲಿಯವರೆಗೆ ಬಂತು ಎಂದು ಕೇಳಿದರು.

ಲಮೀನ್ ಎರಡು ಬೆರಳು ತೋರಿಸಿದ.

ಅಡ್ಡಕೋಲು ಎದ್ದಿತು. ಭಾವ ಕಾರನ್ನು ಮುಂದೆ ಬಿಡಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು, ಕಿವಿಯನ್ನು ಕಿಟಕಿಯ ಕಡೆ ಮಾಡಿ ಕೂತರು. ನಾನೂ ಕೂತೆ. ಲಮೀನನ ತುಟಿ ಮುಚ್ಚಿತ್ತು. ಅಲ್ಲಿ ಇಬ್ರಿಮಾ ಆ ಮೂರನೆಯ ಸತ್ಯವನ್ನು ಹೇಳುತ್ತಿದ್ದಿರಬೇಕು, ಅಥವಾ ಇನ್ನೂ ಮೊಸಳೆಯ ಸಾಲನ್ನೇ ಹಾಡುತ್ತಿದ್ದಿರಬೇಕು.

ಹಿಂದಿನ ಕಾರು ಹಾರ್ನ್ ಹಾಕಿತು. ಭಾವ ಮುಂದೆ ಹೋದರು.